ಫೋನ್ ಕೆಟ್ಟಿಲ್ಲ, ಸ್ವಲ್ಪ ತಡೀರಿ

ನಮ್ಮ ಬಳಗದಲ್ಲಿ ಯಾರ ಫೋನ್ ಹಠ ಹಿಡಿದರೂ ಕೊನೆಗೆ ಅದು ನನ್ನ ಕೈಗೇ ಬರುತ್ತದೆ. ಮದುವೆ ಮನೆಯಲ್ಲಿ ಕೈ ತೊಳೆದು ಬರುವಷ್ಟರಲ್ಲಿ ಯಾರೋ ಒಬ್ಬರು ಪಕ್ಕದ ಕುರ್ಚಿ ಎಳೆದುಕೊಂಡು ಕೂತಿರುತ್ತಾರೆ. "ನೀನು ಹೇಗೂ ಕಂಪ್ಯೂಟರ್ ಕೆಲಸದಲ್ಲಿದ್ದೀಯಲ್ಲ, ಇದೊಂದು ನೋಡು." ಕಂಪ್ಯೂಟರ್ ಕೆಲಸಕ್ಕೂ ಮೊಬೈಲ್ ರಿಪೇರಿಗೂ ಸಂಬಂಧ ಇಲ್ಲ ಅಂತ ಹೇಳಿ ಪ್ರಯೋಜನ ಇಲ್ಲ. ಹಾಗಾಗಿ ನೋಡುತ್ತೇನೆ. ಹೀಗೆ ಬರುವ ಫೋನುಗಳಲ್ಲಿ ನಿಜವಾಗಿ ಕೆಟ್ಟಿರುವಂಥವು ಬಹಳ ಕಮ್ಮಿ. ಆದರೂ ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ರೀಸೆಟ್ ಮಾಡಿಬಿಡ್ಲಾ?"

ಬೇಡ. ರೀಸೆಟ್ ಅಂದರೆ ಫೋನಿನಲ್ಲಿರುವುದನ್ನೆಲ್ಲ ಅಳಿಸಿ ಹೊಸದರ ಹಾಗೆ ಮಾಡುವುದು. ಹಾಗೆ ಮಾಡಿದರೆ ಎಲ್ಲ ಸರಿಹೋಗುತ್ತದೆ ಅನ್ನುವುದು ಅರ್ಧ ಸತ್ಯ. ಬ್ಯಾಕಪ್ ಆಗದ ಫೋಟೋ ಹೋಗುತ್ತವೆ, ವಾಟ್ಸಾಪ್ ಮಾತುಕತೆ ಹೋಗುತ್ತದೆ, ಯುಪಿಐ ಆಪ್‌ಗಳಿಗೆಲ್ಲ ಮತ್ತೆ ಸಿಮ್ ವೆರಿಫೈ ಮಾಡಿಸಬೇಕು, ಬ್ಯಾಂಕಿನ ಆಪ್‌ಗೆ ಹೊಸದಾಗಿ ಲಾಗಿನ್ ಆಗಬೇಕು. ಇದಕ್ಕಿಂತ ದೊಡ್ಡ ತಲೆನೋವು ಇನ್ನೊಂದಿದೆ. 2015ರಲ್ಲಿ ಬಂದ ಆಂಡ್ರಾಯ್ಡ್ 5.1ರಿಂದ ಈಚೆಗೆ, ಲಾಕ್ ಬಿಚ್ಚದೆ ಬಟನ್ ಒತ್ತಿ ರೀಸೆಟ್ ಮಾಡಿದ ಫೋನು ಮತ್ತೆ ಶುರುವಾಗಬೇಕಾದರೆ ಹಳೆಯ ಲಾಕ್ ಪಿನ್ ಅಥವಾ ಹಳೆಯ ಗೂಗಲ್ ಅಕೌಂಟಿನ ಪಾಸ್‌ವರ್ಡ್ ಕೇಳುತ್ತದೆ. ಕಳ್ಳರಿಗೆ ಅಂತ ಮಾಡಿದ ವ್ಯವಸ್ಥೆ ಇದು. ಆದರೆ ನಮ್ಮ ಕಡೆ ಇದಕ್ಕೆ ಸಿಕ್ಕಿಬೀಳುವವರು ಮಾಲೀಕರೇ. ಜಿಮೇಲ್ ಅಕೌಂಟ್ ಮಾಡಿಕೊಟ್ಟಿದ್ದು ಫೋನ್ ಮಾರಿದ ಅಂಗಡಿ ಹುಡುಗ, ಪಾಸ್‌ವರ್ಡ್ ಅವನಿಗೂ ನೆನಪಿಲ್ಲ, ಇವರಿಗೂ ಗೊತ್ತಿಲ್ಲ. ಆಮೇಲೆ ಶುರುವಾಗುತ್ತದೆ, "ಸಾಫ್ಟ್‌ವೇರ್ ಹೊಡೀಬೇಕು ಸಾರ್, ಸ್ವಲ್ಪ ಖರ್ಚಾಗತ್ತೆ."

ರೀಸೆಟ್ ಬದಲು ನಾನು ಮೊದಲು ಕೇಳುವುದು ಇಷ್ಟೇ. ತೊಂದರೆ ಫೋನಿನದ್ದಾ, ಆಪಿನದ್ದಾ, ನೆಟ್‌ವರ್ಕಿನದ್ದಾ, ಅಕೌಂಟಿನದ್ದಾ? ಇದು ಗೊತ್ತಾದರೆ ಅರ್ಧ ಕೆಲಸ ಆದ ಹಾಗೆ. "ನೆಟ್ ಬರ್ತಿಲ್ಲ" ಅಂತಾರೆ. ಸರಿ, ಯೂಟ್ಯೂಬ್ ಬರುತ್ತಾ? ಬರುತ್ತೆ. ಹಾಗಾದರೆ ನೆಟ್ ಇದೆ, ಬರದೇ ಇರುವುದು ಒಂದು ಆಪ್. ಯಾವ ಆಪೂ ಬರಲ್ವಾ? ವೈಫೈ ಆಫ್ ಮಾಡಿ ಮೊಬೈಲ್ ಡೇಟಾದಲ್ಲಿ ನೋಡಿ. ಅದರಲ್ಲಿ ಬಂದರೆ ರೌಟರ್ ಕಡೆ ಹೋಗಿ. ಪಕ್ಕದವರ ಫೋನಿನಲ್ಲೂ ಅದೇ ಆಪ್ ಸತ್ತು ಬಿದ್ದಿದ್ದರೆ ನಿಮ್ಮ ಫೋನನ್ನು ಮುಟ್ಟಲೇಬೇಡಿ. 2021ರ ಅಕ್ಟೋಬರ್ 4ರ ರಾತ್ರಿ ನೆನಪಿದೆಯಾ? ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಪ್ರಪಂಚದಾದ್ಯಂತ ಗಂಟೆಗಟ್ಟಲೆ ನಿಂತುಹೋಗಿದ್ದವು. ಆ ರಾತ್ರಿ ವಾಟ್ಸಾಪ್ ಕಿತ್ತುಹಾಕಿ ಮತ್ತೆ ಹಾಕಿಕೊಂಡು, ಹಳೆಯ ಮೆಸೇಜೆಲ್ಲ ಕಳೆದುಕೊಂಡ ಒಬ್ಬರನ್ನಾದರೂ ನೀವು ಬಲ್ಲಿರಿ. ಅದೇ ವರ್ಷ ಮಾರ್ಚ್‌ನಲ್ಲಿ ಇನ್ನೊಂದು ತಮಾಷೆ ಆಗಿತ್ತು. ಆಂಡ್ರಾಯ್ಡ್ ಫೋನುಗಳಲ್ಲಿ ಜಿಮೇಲ್ ಸೇರಿ ಎಷ್ಟೋ ಆಪ್‌ಗಳು ತೆರೆದ ಕೂಡಲೇ ಮುಚ್ಚಿಹೋಗುತ್ತಿದ್ದವು. ಕಾರಣ ಆ ಆಪ್‌ಗಳಲ್ಲ. ಒಳಗೆ ಸುಮ್ನೆ ಕೂತು ಎಲ್ಲ ಆಪ್‌ಗಳಿಗೂ ವೆಬ್ ಪುಟ ತೋರಿಸಿಕೊಡುವ ಸಿಸ್ಟಂ ವೆಬ್‌ವ್ಯೂ ಅನ್ನುವ ಭಾಗಕ್ಕೆ ಬಂದ ಅಪ್‌ಡೇಟ್ ಎಡವಟ್ಟಾಗಿತ್ತು. ಗೂಗಲ್ ಇನ್ನೊಂದು ಅಪ್‌ಡೇಟ್ ಬಿಟ್ಟ ಮೇಲೆ ಸರಿಹೋಯಿತು. ಅಂಥ ದಿನ ಸುಮ್ಮನಿರುವುದೇ ರಿಪೇರಿ.

ಇನ್ನು ರೀಸ್ಟಾರ್ಟ್. ನಗಬೇಡಿ, ಇದು ನಿಜಕ್ಕೂ ಕೆಲಸ ಮಾಡುತ್ತದೆ. ಒಳಗೆ ಎಲ್ಲೋ ಸಿಕ್ಕಿಹಾಕಿಕೊಂಡ ಕೆಲಸಗಳೆಲ್ಲ ನಿಂತು ಹೊಸದಾಗಿ ಶುರುವಾಗುತ್ತವೆ, ಫೋನನ್ನು ಟವರಿಗೆ ಜೋಡಿಸುವ ಮೋಡೆಮ್ ಅನ್ನುವ ಭಾಗ ಮತ್ತೆ ಟವರ್ ಹುಡುಕಿ ಹೆಸರು ಬರೆಸಿಕೊಳ್ಳುತ್ತದೆ. ಆದರೆ ಬಹಳ ಜನ ರೀಸ್ಟಾರ್ಟ್ ಅಂದರೆ ಪಕ್ಕದ ಬಟನ್ ಒತ್ತಿ ಸ್ಕ್ರೀನ್ ಆರಿಸಿ ಮತ್ತೆ ಹಚ್ಚುವುದು ಅಂದುಕೊಂಡಿದ್ದಾರೆ. ಅದು ಲಾಕ್ ಅಷ್ಟೇ. ಈಗಿನ ಫೋನುಗಳಲ್ಲಿ ಇನ್ನೊಂದು ಕಿರಿಕಿರಿ ಇದೆ. ಪವರ್ ಬಟನ್ ಒತ್ತಿ ಹಿಡಿದರೆ ಫೋನ್ ಆಫ್ ಆಗುವ ಬದಲು "ಏನು ಸಹಾಯ ಬೇಕು" ಅಂತ ಅಸಿಸ್ಟೆಂಟ್ ಎದ್ದು ಬರುತ್ತದೆ. ಅಂಥ ಫೋನಿನಲ್ಲಿ ಪವರ್ ಜೊತೆ ವಾಲ್ಯೂಮ್ ಬಟನ್ ಸೇರಿಸಿ ಒತ್ತಿ, ಇಲ್ಲವೇ ಮೇಲಿನ ಪರದೆ ಕೆಳಗೆಳೆದು ಅಲ್ಲಿರುವ ಪವರ್ ಗುರುತು ಮುಟ್ಟಿ. ಸ್ಕ್ರೀನೇ ಗಟ್ಟಿಯಾಗಿ ನಿಂತುಬಿಟ್ಟಿದ್ದರೆ ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಪವರ್ ಮತ್ತು ವಾಲ್ಯೂಮ್ ಡೌನ್ ಎರಡನ್ನೂ ಒಟ್ಟಿಗೆ ಹಿಡಿದುಕೊಂಡಿರಿ, ಫೋನ್ ಆರಿ ಕಂಪನಿಯ ಹೆಸರು ಕಾಣುವವರೆಗೆ. ಐಫೋನ್ 8 ಮತ್ತು ಅದರ ನಂತರದವುಗಳಲ್ಲಿ ವಾಲ್ಯೂಮ್ ಅಪ್ ಒಮ್ಮೆ ಒತ್ತಿ ಬಿಡಿ, ವಾಲ್ಯೂಮ್ ಡೌನ್ ಒಮ್ಮೆ ಒತ್ತಿ ಬಿಡಿ, ಆಮೇಲೆ ಪಕ್ಕದ ಬಟನ್ ಹಿಡಿದುಕೊಂಡಿರಿ, ಆಪಲ್ ಗುರುತು ಬರುವವರೆಗೂ ಕೈ ತೆಗೆಯಬೇಡಿ. ಇದರಿಂದ ಫೋಟೋ, ಮೆಸೇಜು ಏನೂ ಅಳಿಸಿಹೋಗುವುದಿಲ್ಲ.

ನನಗೆ ಬರುವ ಕರೆಗಳಲ್ಲಿ ಅತ್ಯಂತ ಗಾಬರಿಯದ್ದು ಯಾವುದು ಅಂದರೆ "ಫೋನಿಗೆ ದೆವ್ವ ಹೊಕ್ಕಿದೆ" ಅನ್ನುವುದು. ತೀರ್ಥಹಳ್ಳಿ ಕಡೆಯ ದೊಡ್ಡಮ್ಮ ಒಮ್ಮೆ ದೊಡ್ಡಪ್ಪನ ಫೋನಿನಿಂದ ಕರೆ ಮಾಡಿದರು.

"ಅಲ್ವೋ ಮಾರಾಯ, ಇದು ಒಂದೇ ಸಮ ಮಾತಾಡೋಕೆ ಶುರು ಮಾಡಿದೆ. ಎಲ್ಲಿ ಮುಟ್ಟಿದ್ರೂ ಅದನ್ನ ಓದಿ ಹೇಳತ್ತೆ. ಓಪನ್ ಮಾತ್ರ ಆಗಲ್ಲ."

"ಮುಟ್ಟಿದ ಕಡೆ ಹಸಿರು ಗೆರೆಯ ಚೌಕ ಬರ್ತಿದ್ಯಾ ದೊಡ್ಡಮ್ಮ?"

"ಹೌದು, ನಿಂಗೆ ಹೆಂಗೆ ಗೊತ್ತಾಯ್ತು? ಮೇಲೆ ಕೆಳಗೆ ಸರಿಸೋಕೂ ಬಿಡಲ್ಲ. ಪೇಟೇಲಿ ತೋರಿಸಿದ್ರೆ ರೀಸೆಟ್ ಮಾಡ್ಬೇಕು ಅಂದ್ರು."

ಇದು ಟಾಕ್‌ಬ್ಯಾಕ್. ಕಣ್ಣು ಕಾಣದವರು ಫೋನ್ ಬಳಸಲಿ ಅಂತ ಆಂಡ್ರಾಯ್ಡ್‌ನಲ್ಲಿ ಇಟ್ಟಿರುವ ಸೌಲಭ್ಯ. ಅವರಿಗೆ ಇದು ಎಷ್ಟು ಉಪಯೋಗ ಅನ್ನುವುದನ್ನು ಬಳಸುವವರನ್ನು ನೋಡಿಯೇ ತಿಳಿಯಬೇಕು. ಎಷ್ಟೋ ಫೋನುಗಳಲ್ಲಿ ಎರಡೂ ವಾಲ್ಯೂಮ್ ಬಟನ್ ಒಟ್ಟಿಗೆ ಮೂರು ಸೆಕೆಂಡ್ ಒತ್ತಿ ಹಿಡಿದರೆ ಇದು ಆನ್ ಆಗುತ್ತದೆ. ಬ್ಯಾಗಿನಲ್ಲಿ ಫೋನ್ ಒತ್ತಿಕೊಂಡರೆ, ಮೊಮ್ಮಕ್ಕಳ ಕೈಗೆ ಸಿಕ್ಕರೆ ಇಷ್ಟು ಸಾಕು. ಆನ್ ಆದ ಮೇಲೆ ಫೋನಿನ ರೂಲ್ಸೇ ಬೇರೆ. ಒಮ್ಮೆ ಮುಟ್ಟಿದರೆ ಓದುತ್ತದೆ. ತೆರೆಯಬೇಕಾದರೆ ಬೇಗ ಬೇಗ ಎರಡು ಸಲ ತಟ್ಟಬೇಕು. ಸರಿಸಬೇಕಾದರೆ ಎರಡು ಬೆರಳು ಬೇಕು. ಇದು ಗೊತ್ತಿಲ್ಲದವರಿಗೆ ಫೋನ್ ಪೂರ್ತಿ ಕೆಟ್ಟುಹೋದ ಹಾಗೇ ಕಾಣುತ್ತದೆ. ಪಿನ್ ಹಾಕೋಕೂ ಆಗಲ್ಲ, ಬಂದ ಕಾಲ್ ಎತ್ತೋಕೂ ಆಗಲ್ಲ.

ಹೊರಗೆ ಬರುವ ದಾರಿ ಬಂದ ದಾರಿಯೇ. ಎರಡೂ ವಾಲ್ಯೂಮ್ ಬಟನ್ ಮತ್ತೆ ಮೂರು ಸೆಕೆಂಡ್ ಹಿಡಿಯಿರಿ. ಅದಕ್ಕೆ ಜಗ್ಗದಿದ್ದರೆ ಸೆಟ್ಟಿಂಗ್ಸ್ ಅನ್ನು ಒಮ್ಮೆ ಮುಟ್ಟಿ, ಅದರ ಸುತ್ತ ಚೌಕ ಬಂದ ಮೇಲೆ ಎರಡು ಸಲ ತಟ್ಟಿ, ಎರಡು ಬೆರಳಲ್ಲಿ ಕೆಳಗೆ ಸರಿಸಿ ಆಕ್ಸೆಸಿಬಿಲಿಟಿಗೆ ಹೋಗಿ, ಅಲ್ಲಿ ಟಾಕ್‌ಬ್ಯಾಕ್ ಆಫ್ ಮಾಡಿ. ದೊಡ್ಡಮ್ಮನಿಗೆ ಫೋನಿನಲ್ಲೇ ಹೇಳಿಕೊಡುವಾಗ ಎರಡು ಸಲ ತಟ್ಟುವುದೇ ಕಷ್ಟ ಆಯಿತು, ಅವರು ತಟ್ಟುತ್ತಿದ್ದದ್ದು ಬಾಗಿಲು ಬಡಿದಷ್ಟು ನಿಧಾನಕ್ಕೆ. ಕೊನೆಗೆ ಆ ಕಡೆಯಿಂದ ಬಂದದ್ದು ಟಾಕ್‌ಬ್ಯಾಕ್ ಆಫ್ ಆಯಿತು ಅನ್ನುವ ಇಂಗ್ಲಿಷ್ ದನಿ, ಅದರ ಹಿಂದೆಯೇ ದೊಡ್ಡಪ್ಪನ ನಗು.

ಚಾರ್ಜಿಂಗ್ ತೊಂದರೆಗೆ ಬರೋಣ. "ಚಾರ್ಜಿಂಗ್ ಪಿನ್ ಹೋಗಿದೆ, ಬದಲಾಯಿಸಬೇಕು" ಅಂತ ಅಂಗಡಿಯಲ್ಲಿ ಹೇಳಿದ ಫೋನುಗಳಲ್ಲಿ ಎಷ್ಟಕ್ಕೋ ನಾನು ಮಾಡಿದ್ದು ಕಸ ತೆಗೆದದ್ದು ಮಾತ್ರ. ನೋಡಿ, ಪ್ಯಾಂಟಿನ ಜೇಬಿನಲ್ಲಿ, ಬ್ಯಾಗಿನಲ್ಲಿ ಬಟ್ಟೆಯ ಜುಂಗು ಇರುತ್ತದಲ್ಲ, ಅದು ಟೈಪ್ ಸಿ ರಂಧ್ರದೊಳಗೆ ಹೋಗುತ್ತದೆ. ನೀವು ದಿನಾ ಕೇಬಲ್ ಚುಚ್ಚಿ ಚುಚ್ಚಿ ಅದನ್ನು ತಳಕ್ಕೆ ಒತ್ತಿ ಗಟ್ಟಿ ಮಾಡುತ್ತೀರಿ. ಕಡೆಗೆ ಕೇಬಲ್ ಪೂರ್ತಿ ಒಳಗೆ ಹೋಗುವುದಿಲ್ಲ. ಗುರುತು ಸುಲಭ. ಮೊದಲು ಟಕ್ ಅಂತ ಕೂರುತ್ತಿದ್ದ ಕೇಬಲ್ ಈಗ ಅಲ್ಲಾಡುತ್ತದೆ, ಒಂದು ಕೋನದಲ್ಲಿ ಹಿಡಿದರೆ ಮಾತ್ರ ಚಾರ್ಜ್ ಆಗುತ್ತದೆ, ಫೋನ್ ಎತ್ತಿದರೆ ಬಿದ್ದುಹೋಗುತ್ತದೆ.

ಫೋನ್ ಸ್ವಿಚ್ ಆಫ್ ಮಾಡಿ. ಇನ್ನೊಂದು ಫೋನಿನ ಟಾರ್ಚ್ ಬಿಟ್ಟು ಒಳಗೆ ನೋಡಿ. ನಡುವೆ ತೆಳ್ಳನೆಯ ಒಂದು ನಾಲಗೆ ಕಾಣುತ್ತದೆ, ಅದರ ಎರಡೂ ಮುಖಕ್ಕೆ ಹನ್ನೆರಡು ಹನ್ನೆರಡರಂತೆ 24 ಸಣ್ಣ ಸಂಪರ್ಕ ಬಿಂದುಗಳಿರುತ್ತವೆ. ಅದನ್ನು ಮುಟ್ಟಬೇಡಿ. ಸೇಫ್ಟಿ ಪಿನ್ನು, ಸೂಜಿ, ಹೇರ್‌ಪಿನ್ನು ಯಾವುದೂ ಬೇಡ. ಮರದ ಹಲ್ಲುಕಡ್ಡಿಯ ತುದಿಯನ್ನು ಇನ್ನಷ್ಟು ತೆಳ್ಳಗೆ ಕೆತ್ತಿಕೊಂಡು, ನಾಲಗೆಗೂ ಗೋಡೆಗೂ ನಡುವೆ ಇರುವ ಜಾಗದಲ್ಲಿ ನಿಧಾನಕ್ಕೆ ಕೆರೆದು ಹೊರಗೆ ಎಳೆಯಿರಿ. ಮೊದಲು ಏನೂ ಬರುವುದಿಲ್ಲ, ಆಮೇಲೆ ಬೂದು ಬಣ್ಣದ ಜುಂಗಿನ ಚಪ್ಪಟೆ ಉಂಡೆಯೊಂದು ಪೂರ್ತಿಯಾಗಿ ಎದ್ದು ಬರುತ್ತದೆ. ಇಷ್ಟು ಸಣ್ಣ ತೂತಿನಲ್ಲಿ ಇಷ್ಟೊಂದು ಇತ್ತಾ ಅನ್ನಿಸುತ್ತದೆ. ಆ ಕ್ಷಣದ ಸಮಾಧಾನ ಇದೆಯಲ್ಲ, ಅದನ್ನು ಅನುಭವಿಸಿಯೇ ತಿಳಿಯಬೇಕು.

ಕಸ ಇಲ್ಲದಿದ್ದರೆ ಕೇಬಲ್ ಬದಲಾಯಿಸಿ ನೋಡಿ, ಆಮೇಲೆ ಅಡಾಪ್ಟರ್, ಆಮೇಲೆ ಗೋಡೆಯ ಸಾಕೆಟ್. ಒಂದು ಸಲಕ್ಕೆ ಒಂದೇ ಬದಲಾಯಿಸಿ, ಇಲ್ಲದಿದ್ದರೆ ತಪ್ಪು ಯಾವುದರದ್ದು ಅಂತ ಗೊತ್ತಾಗಲ್ಲ. ನಿಧಾನ ಚಾರ್ಜ್ ಅನ್ನುವವರು ಎಲ್ಲಿಗೆ ಚುಚ್ಚಿದ್ದೀರಿ ನೋಡಿಕೊಳ್ಳಿ. ಹಳೆಯ ಕಂಪ್ಯೂಟರಿನ ಯುಎಸ್‌ಬಿ ತೂತಿನಿಂದ ಬರುವುದು 5 ವೋಲ್ಟ್, ಅರ್ಧ ಆಂಪ್, ಅಂದರೆ ಬರೀ ಎರಡೂವರೆ ವ್ಯಾಟ್. ಡಬ್ಬಿಯ ಮೇಲೆ 67 ವ್ಯಾಟ್ ಅಂತ ಬರೆದ ಚಾರ್ಜರ್ ಕೂಡ ಬೇರೆ ಬ್ರಾಂಡಿನ ಫೋನಿಗೆ ಅಷ್ಟು ಕೊಡಬೇಕೆಂದಿಲ್ಲ. ಎರಡಕ್ಕೂ ಒಂದೇ ಫಾಸ್ಟ್ ಚಾರ್ಜಿಂಗ್ ಪದ್ಧತಿ ಗೊತ್ತಿರಬೇಕು, ಇಲ್ಲದಿದ್ದರೆ ಸಾಧಾರಣ ವೇಗಕ್ಕೆ ಇಳಿಯುತ್ತವೆ. ಅದು ಕೆಟ್ಟಿದ್ದಲ್ಲ.

ಮಳೆಗಾಲದಲ್ಲಿ ಬರುವ ಕರೆಗಳೇ ಬೇರೆ. ನೆಂದ ಫೋನನ್ನು ಅಕ್ಕಿ ಡಬ್ಬದಲ್ಲಿ ಹೂಳುವುದು ನಮ್ಮಲ್ಲಿ ಮನೆಮದ್ದು ಆಗಿಬಿಟ್ಟಿದೆ. ಅಕ್ಕಿ ಹಾಕಬೇಡಿ, ಅದರ ಸಣ್ಣ ಕಣಗಳು ಐಫೋನಿಗೆ ಹಾನಿ ಮಾಡಬಹುದು ಅಂತ ಆಪಲ್ ಕಂಪನಿ 2024ರಲ್ಲಿ ತನ್ನ ಸಹಾಯ ಪುಟದಲ್ಲೇ ಬರೆದಿದೆ. ನಮ್ಮ ಮಿಲ್ಲಿನ ಅಕ್ಕಿಯ ಹುಡಿ ನೋಡಿದವರಿಗೆ ಇದನ್ನು ಕಂಪನಿ ಹೇಳಬೇಕಾಗಿಲ್ಲ. ಮಾಡಬೇಕಾದ್ದು ಇಷ್ಟು. ಆಫ್ ಮಾಡಿ, ಕವರ್ ಬಿಚ್ಚಿ, ಚಾರ್ಜಿಂಗ್ ತೂತು ಕೆಳಗೆ ಬರುವ ಹಾಗೆ ಹಿಡಿದು ಅಂಗೈಗೆ ಮೆಲ್ಲಗೆ ತಟ್ಟಿ, ಗಾಳಿಯಾಡುವ ಕಡೆ ಇಡಿ. ಫ್ಯಾನ್ ಆದರೆ ಸರಿ, ಹೇರ್ ಡ್ರೈಯರ್ ಬೇಡ, ಒಲೆಯ ಹತ್ತಿರ ಅಂತೂ ಬೇಡವೇ ಬೇಡ. ಒಣಗುವ ತನಕ ಚಾರ್ಜಿಗೆ ಹಾಕಬಾರದು, ಇದೇ ಮುಖ್ಯ. ಚುಚ್ಚಿದಾಗ ನೀರಿನ ಹನಿಯ ಗುರುತು ಬಂದು ಚಾರ್ಜ್ ಆಗದಿದ್ದರೆ ಫೋನ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ ಅಂತ ಅರ್ಥ, ಜಗಳ ಮಾಡಬೇಡಿ. ತೋಟದಲ್ಲಿ ಜಾರಿಬಿದ್ದು ಕೆಸರು ನೀರು ಒಳಹೋಗಿದ್ದರೆ, ಅಥವಾ ಉಪ್ಪುನೀರು ತಾಗಿದ್ದರೆ ಮಾತ್ರ ಕಾಯುತ್ತಾ ಕೂರದೆ ಬೇಗ ಅಂಗಡಿಗೆ ಒಯ್ಯಿರಿ, ಒಳಗೆ ತುಕ್ಕು ಹಿಡಿಯೋಕೆ ಜಾಸ್ತಿ ಹೊತ್ತು ಬೇಡ.

"ಜಾಗ ಇಲ್ಲ ಅಂತ ಬರ್ತಿದೆ." ಇದು ಎಲ್ಲರ ಮನೆ ಕಥೆ. ಗೂಗಲ್ 2017ರ ಡಿಸೆಂಬರ್‌ನಲ್ಲಿ ಫೈಲ್ಸ್ ಗೋ ಅನ್ನುವ ಆಪ್ ತಂದಿತು, ಈಗ ಅದರ ಹೆಸರು ಫೈಲ್ಸ್ ಬೈ ಗೂಗಲ್. ಭಾರತದ ಫೋನುಗಳು ಯಾಕೆ ಹೀಗೆ ತುಂಬಿ ನಿಲ್ಲುತ್ತವೆ ಅಂತ ನೋಡಿದರೆ ಸಿಕ್ಕಿದ್ದು ಗುಡ್ ಮಾರ್ನಿಂಗ್ ಚಿತ್ರಗಳು. ಅವನ್ನೇ ಹುಡುಕಿ ಅಳಿಸುವ ವ್ಯವಸ್ಥೆಯನ್ನೂ ಅದಕ್ಕೆ ಸೇರಿಸಿದರು. ಸೂರ್ಯೋದಯ, ಗುಲಾಬಿ, ಗಣಪತಿ, ಕೆಳಗೊಂದು ಶುಭೋದಯ. ನಮ್ಮ ಮಾವನೊಬ್ಬರು ಬೆಳಗ್ಗೆ ಐದಕ್ಕೆ ಎದ್ದು ಬಳಗಕ್ಕೆಲ್ಲ ಇದನ್ನು ಹಂಚುತ್ತಾರೆ, ಅವರ ಹೆಸರು ಹೇಳುವ ಧೈರ್ಯ ನನಗಿಲ್ಲ.

ವಾಟ್ಸಾಪ್‌ನಲ್ಲಿ ಸೆಟ್ಟಿಂಗ್ಸ್, ಸ್ಟೋರೇಜ್ ಅಂಡ್ ಡೇಟಾ, ಮ್ಯಾನೇಜ್ ಸ್ಟೋರೇಜ್ ಅಂತ ಹೋದರೆ 5 ಎಂಬಿಗಿಂತ ದೊಡ್ಡ ಫೈಲುಗಳೆಲ್ಲ ಒಂದು ಕಡೆ, ಬಹಳ ಸಲ ಫಾರ್ವರ್ಡ್ ಆದವು ಇನ್ನೊಂದು ಕಡೆ ಸಿಗುತ್ತವೆ. ಯಾವ ಗ್ರೂಪ್ ಎಷ್ಟು ತಿಂದಿದೆ ಅನ್ನುವುದೂ ಕೆಳಗೆ ಸಾಲಾಗಿ ಕಾಣುತ್ತದೆ, ಮೊದಲ ಜಾಗದಲ್ಲಿ ಹೆಚ್ಚಾಗಿ ಇರುವುದು ಫ್ಯಾಮಿಲಿ ಗ್ರೂಪೇ. ಇಲ್ಲಿ ಒಂದು ಸೂಕ್ಷ್ಮ ಇದೆ. ಮೀಡಿಯಾ ವಿಸಿಬಿಲಿಟಿ ಆಫ್ ಮಾಡಿದರೆ ಚಿತ್ರಗಳು ಗ್ಯಾಲರಿಯಲ್ಲಿ ಕಾಣಿಸುವುದಿಲ್ಲ ಅಷ್ಟೇ, ಜಾಗ ಹಿಡಿಯುವುದು ನಿಲ್ಲುವುದಿಲ್ಲ. ನಿಲ್ಲಬೇಕಾದರೆ ಆಟೋ ಡೌನ್‌ಲೋಡ್ ಆಫ್ ಮಾಡಬೇಕು, ಮೊಬೈಲ್ ಡೇಟಾಕ್ಕೂ ವೈಫೈಗೂ ಬೇರೆ ಬೇರೆಯಾಗಿ. ಗ್ಯಾಲರಿಯಲ್ಲಿ ಅಳಿಸಿದ ಫೋಟೋಗಳು ಕಸದಬುಟ್ಟಿಯಲ್ಲಿ ದಿನಗಟ್ಟಲೆ ಉಳಿದಿರುತ್ತವೆ, ಅದನ್ನೂ ಖಾಲಿ ಮಾಡಿ.

ಆದರೆ ಜಾಗ ಇಲ್ಲ ಅನ್ನುವ ಸಂದೇಶ ಎರಡು ಬಗೆಯದ್ದು. ಒಂದು ಫೋನಿನ ಜಾಗ. ಇನ್ನೊಂದು ಗೂಗಲ್ ಅಕೌಂಟಿನ 15 ಜಿಬಿ. ಎರಡಕ್ಕೂ ಸಂಬಂಧ ಇಲ್ಲ. 128 ಜಿಬಿ ಫೋನಿನಲ್ಲಿ ಅರ್ಧ ಖಾಲಿ ಇದ್ದರೂ ಅಕೌಂಟ್ ತುಂಬಿದರೆ ಜಿಮೇಲ್‌ಗೆ ಮೇಲ್ ಬರುವುದು ನಿಲ್ಲುತ್ತದೆ. 2021ರ ಜೂನ್ 1ರಿಂದ ಗೂಗಲ್ ಫೋಟೋಸ್‌ಗೆ ಹೋಗುವ ಚಿತ್ರಗಳೂ ಇದೇ ಲೆಕ್ಕಕ್ಕೆ ಬರುತ್ತಿವೆ, ಆಂಡ್ರಾಯ್ಡ್‌ನ ವಾಟ್ಸಾಪ್ ಬ್ಯಾಕಪ್ಪೂ ಈಗ ಸೇರಿದೆ. ಇಲ್ಲೇ ಜನ ಮೋಸ ಹೋಗುವುದು. ಫೋನಿನಲ್ಲಿ ಜಾಗ ಮಾಡಬೇಕು ಅಂತ ಗೂಗಲ್ ಫೋಟೋಸ್ ತೆರೆದು ಕಂಡ ಕಂಡದ್ದನ್ನೆಲ್ಲ ಡಿಲೀಟ್ ಮಾಡುತ್ತಾರೆ, ಅದು ಫೋನಿನಿಂದಲೂ ಹೋಗುತ್ತದೆ, ಕ್ಲೌಡ್‌ನಿಂದಲೂ, ಅಂದರೆ ಗೂಗಲ್ ಅಕೌಂಟಿನಿಂದಲೂ, ಹೋಗುತ್ತದೆ. ಫೋನಿನಿಂದ ಮಾತ್ರ ತೆಗೆಯೋಕೆ ಅದರಲ್ಲೇ ಫ್ರೀ ಅಪ್ ಸ್ಪೇಸ್ ಅಂತ ಬೇರೆ ಆಯ್ಕೆ ಇದೆ. ಅದನ್ನು ಬಳಸಿ. ತಪ್ಪಿ ಅಳಿಸಿದ್ದರೆ, ಬ್ಯಾಕಪ್ ಆಗಿದ್ದ ಫೋಟೋ 60 ದಿನದವರೆಗೆ ಟ್ರ್ಯಾಶ್‌ನಲ್ಲಿ ಇರುತ್ತದೆ, ಗಾಬರಿ ಬೇಡ.

ದುಡ್ಡು ಕೇಳದೆ ಫೋನ್ ಕ್ಲೀನ್ ಮಾಡಿಕೊಡುತ್ತೇವೆ ಅನ್ನುವ ಆಪ್‌ಗಳನ್ನು ಮಾತ್ರ ಹಾಕಿಕೊಳ್ಳಬೇಡಿ. ಎಲ್ಲಿಂದಲೋ ಜಾಹೀರಾತು ಹಾರಿಬರುತ್ತಿದೆ, ಸ್ಕ್ರೀನ್ ತೆರೆದ ಕೂಡಲೇ ಗೇಮಿನ ಆ್ಯಡ್ ಅನ್ನುವ ಫೋನುಗಳಲ್ಲಿ ಸಾಮಾನ್ಯವಾಗಿ ಇಂಥದ್ದೇ ಒಂದು ಕ್ಲೀನರೋ ಟಾರ್ಚೋ ವಾಲ್‌ಪೇಪರ್ ಆಪೋ ಕೂತಿರುತ್ತದೆ. ಹಿಡಿಯುವ ಉಪಾಯ ಇದೆ. ಆ್ಯಡ್ ಬಂದಾಗ ಸಿಟ್ಟಿನಿಂದ ಮುಚ್ಚಬೇಡಿ, ಇತ್ತೀಚಿನ ಆಪ್‌ಗಳನ್ನು ತೋರಿಸುವ ಬಟನ್ ಒತ್ತಿ. ಆ್ಯಡ್ ಯಾವ ಆಪಿನ ಹೆಸರಿನ ಕೆಳಗೆ ಇದೆ ನೋಡಿ, ಅದನ್ನು ಕಿತ್ತುಹಾಕಿ. ಸಿಗದಿದ್ದರೆ ಸೇಫ್ ಮೋಡ್‌ಗೆ ಹೋಗಿ, ಹೆಚ್ಚಿನ ಆಂಡ್ರಾಯ್ಡ್ ಫೋನುಗಳಲ್ಲಿ ಪವರ್ ಆಫ್ ಅನ್ನುವುದನ್ನೇ ಒತ್ತಿ ಹಿಡಿದರೆ ಅದು ಕೇಳುತ್ತದೆ. ಆಗ ನೀವು ಹಾಕಿಕೊಂಡ ಆಪ್‌ಗಳೆಲ್ಲ ತಾತ್ಕಾಲಿಕವಾಗಿ ಮಲಗುತ್ತವೆ. ತೊಂದರೆ ಹೋಯಿತಾ? ಹಾಗಾದರೆ ಫೋನ್ ಸರಿಯಿದೆ, ತಪ್ಪು ಯಾವುದೋ ಆಪಿನದ್ದು. ಈಚೆಗೆ ಹಾಕಿದ್ದರಿಂದ ಹಿಂದಕ್ಕೆ ಒಂದೊಂದೇ ತೆಗೆಯುತ್ತಾ ಬನ್ನಿ. "ನಿಮ್ಮ ಫೋನಿಗೆ ವೈರಸ್ ಬಂದಿದೆ" ಅಂತ ನೋಟಿಫಿಕೇಶನ್ ಬರುತ್ತಿದ್ದರೆ ಹೆಚ್ಚಿನ ಸಲ ವೈರಸ್ ಇರುವುದಿಲ್ಲ, ಯಾವುದೋ ವೆಬ್‌ಸೈಟಿನಲ್ಲಿ ನೀವು ಅಲೋ ಒತ್ತಿರುತ್ತೀರಿ. ಕ್ರೋಮ್ ಸೆಟ್ಟಿಂಗ್ಸ್‌ನ ಸೈಟ್ ಸೆಟ್ಟಿಂಗ್ಸ್‌ನಲ್ಲಿ ನೋಟಿಫಿಕೇಶನ್ಸ್ ತೆರೆದು ಗೊತ್ತಿಲ್ಲದ ಸೈಟುಗಳನ್ನೆಲ್ಲ ಬ್ಲಾಕ್ ಮಾಡಿ.

ಮದುವೆ ಕರೆಯೋಲೆ ಅಂತ, ಟ್ರಾಫಿಕ್ ದಂಡದ ಚಲನ್ ಅಂತ ವಾಟ್ಸಾಪ್‌ನಲ್ಲಿ ಬರುವ ಎಪಿಕೆ ಫೈಲನ್ನು, ಅಂದರೆ ಪ್ಲೇ ಸ್ಟೋರ್ ಇಲ್ಲದೆ ನೇರ ಆಪ್ ಹಾಕುವ ಫೈಲನ್ನು, ಒತ್ತಿದವರ ಕಥೆ ಬೇರೆ. ಅದು ನಿಮ್ಮ ಎಸ್ಸೆಮ್ಮೆಸ್ ಓದಿ ಒಟಿಪಿ ಕದಿಯುವ ಆಪ್. ತಕ್ಷಣ ಏರೋಪ್ಲೇನ್ ಮೋಡ್ ಹಾಕಿ, ಬೇರೆ ಫೋನಿನಿಂದ ಬ್ಯಾಂಕಿಗೆ ಹೇಳಿ, ದುಡ್ಡು ಹೋಗಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ನಾನು ರೀಸೆಟ್ ಮಾಡಿ ಅನ್ನುವುದು ಇಂಥ ಕಡೆ ಮಾತ್ರ. ಹಾಗೇ, ಯಾವ ಕಂಪನಿಯ ಕಸ್ಟಮರ್ ಕೇರ್ ನಂಬರನ್ನೂ ಸುಮ್ನೆ ಗೂಗಲ್‌ನಲ್ಲಿ ಹುಡುಕಿ ಮೊದಲು ಸಿಕ್ಕಿದ್ದಕ್ಕೆ ಫೋನ್ ಮಾಡಬೇಡಿ. ಆ ಕಡೆಯವರು ಸ್ಕ್ರೀನ್ ಹಂಚಿಕೊಳ್ಳುವ ಆಪ್ ಹಾಕಿಸಿದರು ಅಂದರೆ ಮಾತು ಅಲ್ಲಿಗೇ ನಿಲ್ಲಿಸಿ.

ಚಿಲ್ಲರೆ ದೂರುಗಳು ಒಂದಷ್ಟಿವೆ, ಬೇಗ ಹೇಳಿಬಿಡುತ್ತೇನೆ. ಕಾಲ್‌ನಲ್ಲಿದ್ದಾಗ ಸ್ಕ್ರೀನ್ ಕಪ್ಪಾಗಿ ಮತ್ತೆ ಬರುವುದೇ ಇಲ್ಲ ಅಂದರೆ ಹೊಸ ಸ್ಕ್ರೀನ್ ಗಾರ್ಡ್ ಹಾಕಿಸಿದ್ದೀರಾ ನೋಡಿ, ಅದು ಮೇಲಿನ ಸೆನ್ಸರ್ ಮುಚ್ಚಿದರೆ ಫೋನ್ ಇನ್ನೂ ಕಿವಿಯ ಹತ್ತಿರವೇ ಇದೆ ಅಂದುಕೊಳ್ಳುತ್ತದೆ. ಕಾಲ್ ಬಂದರೂ ದನಿ ಕೇಳುತ್ತಿಲ್ಲವಾ? ಬ್ಲೂಟೂತ್ ಆಫ್ ಮಾಡಿ, ಆ ಕಡೆಯವರ ದನಿ ಒಳಕೋಣೆಯಲ್ಲಿ ಮಗಳ ಇಯರ್‌ಬಡ್‌ಗೆ ಹೋಗುತ್ತಿರಬಹುದು. ಒಟಿಪಿ ಬರದಿದ್ದರೆ ಏರೋಪ್ಲೇನ್ ಮೋಡ್ ಹಾಕಿ ತೆಗೆಯಿರಿ, ಮೆಸೇಜ್ ಆಪಿನ ಸ್ಪ್ಯಾಮ್ ವಿಭಾಗದಲ್ಲೂ ಇಣುಕಿ, ಎರಡು ಸಿಮ್ ಇದ್ದವರು ಬ್ಯಾಂಕಿಗೆ ಕೊಟ್ಟ ನಂಬರಿಗೆ ರೀಚಾರ್ಜ್ ಇದೆಯಾ ನೋಡಿಕೊಳ್ಳಿ. ಯಾವ ವೆಬ್‌ಸೈಟ್ ತೆರೆದರೂ ಸುರಕ್ಷಿತ ಅಲ್ಲ ಅಂತ ಬರುತ್ತಿದ್ದರೆ ಫೋನಿನ ತಾರೀಕು ನೋಡಿ. ಬ್ಯಾಟರಿ ಪೂರ್ತಿ ಸತ್ತು ಎದ್ದ ಹಳೆಯ ಫೋನುಗಳು ಎಷ್ಟೋ ವರ್ಷ ಹಿಂದಿನ ತಾರೀಕು ತೋರಿಸುತ್ತಾ ಕೂತಿರುತ್ತವೆ.

ಬ್ಯಾಟರಿ ಬಗ್ಗೆ ಒಂದು ಜಗಳ ನನ್ನದು ಇದ್ದೇ ಇದೆ. ದಿನಕ್ಕೆ ಹತ್ತು ಸಲ ಎಲ್ಲ ಆಪ್‌ಗಳನ್ನೂ ಮೇಲಕ್ಕೆ ತಳ್ಳಿ ಮುಚ್ಚುತ್ತಾರಲ್ಲ, ಅದರಿಂದ ಬ್ಯಾಟರಿ ಉಳಿಯುವುದಿಲ್ಲ. ಆಪಲ್‌ನ ಸಾಫ್ಟ್‌ವೇರ್ ಮುಖ್ಯಸ್ಥ ಕ್ರೇಗ್ ಫೆಡರಿಗಿ 2016ರಲ್ಲೇ ಒಬ್ಬ ಗ್ರಾಹಕನಿಗೆ ಹೀಗೆ ಉತ್ತರ ಬರೆದಿದ್ದರು, ಆಂಡ್ರಾಯ್ಡ್ ಕಡೆಯವರೂ ಅದನ್ನು ಒಪ್ಪಿದರು. ಮುಚ್ಚಿದ್ದನ್ನು ಮತ್ತೆ ಮೊದಲಿಂದ ತೆರೆಯೋಕೆ ಇನ್ನೂ ಸ್ವಲ್ಪ ಖರ್ಚಾಗುತ್ತದೆ. ಸಿಕ್ಕಿಹಾಕಿಕೊಂಡ ಆಪನ್ನು ಮುಚ್ಚಿ, ಬೇರೆಯವನ್ನು ಬಿಟ್ಟುಬಿಡಿ. ಮಲೆನಾಡಿನ ಮೂಲೆಯಲ್ಲಿರುವವರಿಗೆ ಬ್ಯಾಟರಿ ತಿನ್ನುವುದು ಸಿಗ್ನಲ್. ಗುಡ್ಡದ ಮರೆಯಲ್ಲಿ ಒಂದು ಕಡ್ಡಿ ಸಿಗ್ನಲ್ ಇರುವ ಕಡೆ ಫೋನ್ ಟವರ್ ಹುಡುಕುತ್ತಲೇ ಇರುತ್ತದೆ, ಜೋರಾಗಿ ಕೂಗುತ್ತಲೇ ಇರುತ್ತದೆ. ಬೆಂಗಳೂರಿನಲ್ಲಿ ರಾತ್ರಿವರೆಗೆ ಬರುವ ಫೋನು ಊರಲ್ಲಿ ಮಧ್ಯಾಹ್ನಕ್ಕೇ ಮಲಗುವುದು ಇದಕ್ಕೆ. 5ಜಿ ಬಿಟ್ಟು 4ಜಿಗೆ ಇಡಿ, ಮನೆಯಲ್ಲಿ ವೈಫೈ ಇದ್ದರೆ, ಟವರ್ ಬದಲು ವೈಫೈ ಮೂಲಕವೇ ಕರೆ ಹೋಗುವ ವೈಫೈ ಕಾಲಿಂಗ್ ಆನ್ ಮಾಡಿ.

ಟ್ಯಾಬ್ಲೆಟ್ ಬಗ್ಗೆ ಕೇಳುವವರು ಹೆಚ್ಚಾಗಿ ಕೊರೊನಾ ಕಾಲದ ಆನ್‌ಲೈನ್ ಕ್ಲಾಸಿಗೆ ಅಂತ ತಗೊಂಡವರು. ಬೀರುವಿನಲ್ಲಿ ವರ್ಷಗಟ್ಟಲೆ ಮಲಗಿದ್ದನ್ನು ಈಗ ತೆಗೆದು ಚಾರ್ಜಿಗೆ ಹಾಕುತ್ತಾರೆ, ಐದು ನಿಮಿಷದಲ್ಲಿ ಬೆಳಕು ಬರದಿದ್ದರೆ ಸತ್ತಿದೆ ಅಂತ ತೀರ್ಮಾನ. ಪೂರ್ತಿ ಬರಿದಾದ ಬ್ಯಾಟರಿ ಸ್ಕ್ರೀನ್ ಹಚ್ಚುವಷ್ಟು ಚೇತರಿಸಿಕೊಳ್ಳೋಕೆ ಅರ್ಧ ಗಂಟೆ, ಕೆಲವೊಮ್ಮೆ ಇನ್ನೂ ಜಾಸ್ತಿ ಬೇಕು. ಅದರ ಜೊತೆ ಬಂದ ಚಾರ್ಜರನ್ನೇ ಹಾಕಿ, ಟ್ಯಾಬ್ಲೆಟ್ಟಿನ ಬ್ಯಾಟರಿ ದೊಡ್ಡದು, ಹಳೆಯ ಫೋನಿನ 5 ವ್ಯಾಟ್ ಚಾರ್ಜರ್ ಅದಕ್ಕೆ ಸಾಲದು. ಆದರೆ ಹಾಕುವ ಮೊದಲು ಅಡ್ಡಕ್ಕೆ ಹಿಡಿದು ಕಣ್ಣಿನ ಮಟ್ಟದಲ್ಲಿ ನೋಡಿ. ಹಿಂಬದಿ ಉಬ್ಬಿದೆಯಾ, ಸ್ಕ್ರೀನಿನ ಅಂಚು ಎದ್ದಿದೆಯಾ? ಎದ್ದಿದ್ದರೆ ಬ್ಯಾಟರಿ ಊದಿಕೊಂಡಿದೆ. ಚಾರ್ಜ್ ಮಾಡಬೇಡಿ, ಒತ್ತಿ ಕೂರಿಸೋಕೆ ಹೋಗಬೇಡಿ, ಚುಚ್ಚಲೇಬೇಡಿ. ಮಕ್ಕಳ ಕೈಗೆ ಸಿಗದ ಕಡೆ ಇಟ್ಟು ಸರ್ವಿಸ್ ಸೆಂಟರಿಗೆ ಕೊಡಿ.

ಚಾರ್ಜಿಗೆ ಹಾಕಿದಾಗ ಟ್ಯಾಬ್ಲೆಟ್ ತಾನಾಗೇ ಏನೇನೋ ಒತ್ತಿಕೊಳ್ಳುತ್ತದೆ, ಟೈಪ್ ಮಾಡಿಕೊಳ್ಳುತ್ತದೆ ಅನ್ನುವ ದೂರೂ ಇದೆ. ಚಾರ್ಜರ್ ತೆಗೆದು ನೋಡಿ. ನಿಂತುಹೋದರೆ ಟಚ್ ಸರಿಯಿದೆ, ಅಗ್ಗದ ಚಾರ್ಜರಿನ ವಿದ್ಯುತ್ ಗದ್ದಲ ಟಚ್‌ಗೆ ಬೆರಳಿನ ಹಾಗೆ ಕಾಣುತ್ತಿದೆ. ಚಾರ್ಜರ್ ಬದಲಾಯಿಸಿದರೆ ಆಯಿತು, ಸಾವಿರಾರು ರೂಪಾಯಿಯ ಡಿಸ್‌ಪ್ಲೇ ಬೇಡ. ತೀರಾ ಹಳೆಯ ಟ್ಯಾಬ್ಲೆಟ್‌ನಲ್ಲಿ ಆಪ್‌ಗಳು ಹಾಕಿಕೊಳ್ಳೋಕೇ ಆಗುತ್ತಿಲ್ಲ ಅಂದರೆ ಅದಕ್ಕೆ ಮದ್ದಿಲ್ಲ. ವಾಟ್ಸಾಪ್ 2025ರ ಜನವರಿಯಿಂದ ಆಂಡ್ರಾಯ್ಡ್ 4.4ನ್ನು ಕೈಬಿಟ್ಟಿದೆ. ಅಂಥದ್ದರಲ್ಲಿ ಇರುವ ಪಿಡಿಎಫ್ ಓದಿಕೊಂಡು, ಕಾರ್ಡಿನಲ್ಲಿ ಹಾಡು ಹಾಕಿಕೊಂಡು ಇರಬಹುದು. ಬ್ಯಾಂಕಿನ ಆಪ್ ಮಾತ್ರ ಬೇಡ.

ಇಷ್ಟೆಲ್ಲ ಮಾಡಿಯೂ ಆಗದಿದ್ದರೆ ಅಂಗಡಿ ಇದ್ದೇ ಇದೆ. ಬೆಂಗಳೂರಿನವರಿಗೆ ಎಸ್‌ಪಿ ರೋಡು, ನ್ಯಾಷನಲ್ ಮಾರ್ಕೆಟ್ ಗೊತ್ತಿರುತ್ತದೆ. ವಾರಂಟಿ ಇದ್ದರೆ ಮೊದಲು ಕಂಪನಿಯ ಸೆಂಟರಿಗೆ ಹೋಗಿ, ಹೊರಗೆ ಬಿಚ್ಚಿಸಿದ ಮೇಲೆ ಅವರು ತಕರಾರು ತೆಗೆಯುತ್ತಾರೆ. ಕೊಡುವ ಮೊದಲು ಸಿಮ್ಮೂ ಮೆಮೊರಿ ಕಾರ್ಡೂ ತೆಗೆದುಕೊಳ್ಳಿ, ಫೋಟೋ ಬ್ಯಾಕಪ್ ಮಾಡಿ. ಬಹಳ ಜನ ಲಾಕ್ ಪಿನ್ನನ್ನು ಚೀಟಿಯಲ್ಲಿ ಬರೆದು ಫೋನಿನ ಬೆನ್ನಿಗೆ ಅಂಟಿಸಿ ಕೊಟ್ಟು ಬರುತ್ತಾರೆ, ಅದೇ ಪಿನ್ ಯುಪಿಐಗೂ ಇಟ್ಟಿರುತ್ತಾರೆ! ಸ್ಯಾಮ್‌ಸಂಗ್‌ನ ಈಚಿನ ಫೋನುಗಳಲ್ಲಿ ಮೇಂಟೆನೆನ್ಸ್ ಮೋಡ್, ಪಿಕ್ಸೆಲ್‌ನಲ್ಲಿ ರಿಪೇರಿ ಮೋಡ್ ಅಂತ ಇದೆ. ಅದನ್ನು ಆನ್ ಮಾಡಿ ಕೊಟ್ಟರೆ ರಿಪೇರಿಯವರಿಗೆ ಫೋನ್ ಸಿಗುತ್ತದೆ, ನಿಮ್ಮ ಫೋಟೋ ಮೆಸೇಜು ಸಿಗುವುದಿಲ್ಲ. ಡಿಸ್‌ಪ್ಲೇ ಬದಲಾಯಿಸಿದರೆ ಹಳೆಯದನ್ನು ಕೇಳಿ ಪಡೆಯಿರಿ. ಎದ್ದು ಬರುವ ಮೊದಲು ಅಲ್ಲೇ ನಿಂತು ಒಂದು ಕಾಲ್ ಮಾಡಿ, ಒಂದು ಫೋಟೋ ತೆಗೆದು, ಸ್ಪೀಕರ್ ಹಾಕಿ, ಚಾರ್ಜರ್ ಚುಚ್ಚಿ ನೋಡಿ. ಅವರು ಅವಸರ ಮಾಡಿದರೂ ಪರವಾಗಿಲ್ಲ.

ನನಗೇ ಕರೆ ಮಾಡುವುದಾದರೆ ಸ್ಕ್ರೀನ್ ಮೇಲೆ ಏನು ಬರೆದು ಬಂತೋ ಅದರ ಫೋಟೋ ಕಳಿಸಿ. "ಏನೋ ಇಂಗ್ಲಿಷಲ್ಲಿ ಬಂತು, ಓಕೆ ಒತ್ತಿದೆ" ಅಂದರೆ ನನಗೆ ಏನೂ ತಿಳಿಯುವುದಿಲ್ಲ. ಮತ್ತೆ ದಯವಿಟ್ಟು, ಯಾವ ಫೋನು ಕೈಕೊಟ್ಟಿದೆಯೋ ಅದೇ ಫೋನಿನಿಂದ ಕರೆ ಮಾಡಬೇಡಿ.